ಸಂಶೋಧನಾ ಅನುದಾನದ ಎರಡನೇ ಕಂತು ನಿಲ್ಲುವುದು ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯತೆಗೆ ಕೇಂದ್ರ ಸರ್ಕಾರ 1 ಲಕ್ಷ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದ ಮೇಲೆ ಕಾಲೇಜುಗಳಲ್ಲೂ ಸಣ್ಣ ಸ್ಟಾರ್ಟಪ್‌ಗಳಲ್ಲೂ 'ನಮಗೂ ಅನುದಾನ ಸಿಗುತ್ತದಂತೆ' ಎಂಬ ಮಾತು ಹಬ್ಬಿದೆ. ಇದು ತಪ್ಪು ತಿಳಿವಳಿಕೆ. 2025ರ ಜುಲೈ 1ರಂದು ಸಂಪುಟ ಒಪ್ಪಿಗೆ ಕೊಟ್ಟು, ನವೆಂಬರ್ 3ರಂದು ಪ್ರಧಾನಿ ಚಾಲನೆ ನೀಡಿದ ಆ ಆರ್‌ಡಿಐ ಯೋಜನೆಯಲ್ಲಿ ಅನುದಾನ ಎಂಬುದೇ ಇಲ್ಲ. ಅದು ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ಕೆಲವೆಡೆ ಷೇರು ಬಂಡವಾಳ. ಹಣ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ (ಎಎನ್‌ಆರ್‌ಎಫ್) ನಿಧಿಯಿಂದ ಎರಡನೇ ಹಂತದ ನಿಧಿ ನಿರ್ವಾಹಕರಿಗೆ ಹೋಗಿ, ಅವರಿಂದ ಕಂಪನಿಗಳಿಗೆ ಬರುತ್ತದೆ. ತಂತ್ರಜ್ಞಾನ ಸಿದ್ಧತೆಯ ಒಂಬತ್ತು ಹಂತಗಳಲ್ಲಿ ಕನಿಷ್ಠ ನಾಲ್ಕನೆಯದನ್ನು ಮುಟ್ಟಿರಬೇಕು. ಅಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ತೋರಿಸಿದ ತಂತ್ರಜ್ಞಾನಕ್ಕಷ್ಟೇ ಅಲ್ಲಿ ಜಾಗ.

ಆ ನಾಲ್ಕನೇ ಹಂತದವರೆಗೆ ಏರಲು ಬೇಕಾದ ಹಣ ಬರುವುದು ಸಣ್ಣ ಅನುದಾನಗಳಿಂದ. ಎಎನ್‌ಆರ್‌ಎಫ್‌ನಿಂದ ಯುವ ಅಧ್ಯಾಪಕರಿಗೆ 3 ವರ್ಷಕ್ಕೆ 60 ಲಕ್ಷದವರೆಗೆ ಸಿಗುವ ಪಿಎಂ ಅರ್ಲಿ ಕೆರಿಯರ್ ಅನುದಾನ, ಜೈವಿಕ ತಂತ್ರಜ್ಞಾನದವರಿಗೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಉದ್ಯಮ ನೆರವು ಸಂಸ್ಥೆ ಬೈರಾಕ್‌ನ 50 ಲಕ್ಷದವರೆಗಿನ 'ಬಿಗ್', ಕರ್ನಾಟಕದ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗಿನ ಎಲಿವೇಟ್, ಕಾಲೇಜುಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಸಮೂಹದ (ವಿಜಿಎಸ್‌ಟಿ) ನೆರವು ಇಂಥವು. ಇವುಗಳಿಗೆ ಅರ್ಜಿ ಬರೆಯುವುದು ಹೇಗೆ ಎಂದು ಹೇಳಿಕೊಡುವ ಕಾರ್ಯಾಗಾರಗಳು ಬೇಕಾದಷ್ಟಿವೆ. ಮಂಜೂರಾದ ಹಣವನ್ನು ನಿಯಮದಂತೆ ಖರ್ಚು ಮಾಡುವುದು ಹೇಗೆ ಎಂದು ಹೇಳಿಕೊಡುವವರು ಇಲ್ಲವೆಂಬಷ್ಟು ಕಡಿಮೆ. ಇಂಥ ಯೋಜನೆಗಳ ಲೆಕ್ಕ ಪರಿಶೀಲಿಸುವ ವೃತ್ತಿಯಲ್ಲಿರುವವನಾಗಿ ಖಚಿತವಾಗಿ ಹೇಳಬಲ್ಲೆ: ಸಂಶೋಧನೆ ಸೋತು ನಿಂತ ಯೋಜನೆಗಳಿಗಿಂತ ಎರಡನೇ ಕಂತು ಬಾರದೆ ನಿಂತವು ಹೆಚ್ಚು. ಅದಕ್ಕೆ ಅರ್ಧ ಕಾರಣ ನಮ್ಮ ಕಚೇರಿಗಳಲ್ಲಿದೆ, ಇನ್ನರ್ಧ ಸರ್ಕಾರದ ಹಣ ಬಿಡುಗಡೆಯ ಪದ್ಧತಿಯಲ್ಲಿದೆ.

ಕೇಂದ್ರದ ಹಣಕ್ಕೆ ಮೂಲ ನಿಯಮ 2017ರ ಸಾಮಾನ್ಯ ಹಣಕಾಸು ನಿಯಮಾವಳಿ, ಎಲ್ಲರೂ ಜಿಎಫ್‌ಆರ್ ಎನ್ನುವುದು. ಅದರ 230ನೇ ನಿಯಮ ಅನುದಾನದ ಷರತ್ತುಗಳದ್ದು, 238ನೇ ನಿಯಮ ಹಣಬಳಕೆ ಪ್ರಮಾಣಪತ್ರದ್ದು, ಅಂದರೆ ಯುಸಿಯದ್ದು. ಯುಸಿಯ ನಮೂನೆ 12-ಎ. ಇದರ ಜೊತೆಗೆ ಪ್ರತಿ ಯೋಜನೆಗೂ ಒಂದು ಮಂಜೂರಾತಿ ಆದೇಶ ಇರುತ್ತದೆ. ಎರಡು ಮೂರು ಪುಟದ ಆ ಆದೇಶವನ್ನು ಪ್ರಧಾನ ಸಂಶೋಧಕರು ಮೊತ್ತ ನೋಡಿ ಫೈಲಿಗೆ ಸೇರಿಸಿಬಿಡುತ್ತಾರೆ. ಲೆಕ್ಕ ವಿಭಾಗಕ್ಕೆ ಅದರ ಪ್ರತಿಯೇ ಹೋಗಿರುವುದಿಲ್ಲ. ತೊಂದರೆಗಳೆಲ್ಲ ಅಲ್ಲಿಂದ ಶುರು.

ಆ ಆದೇಶದಲ್ಲಿ ಹಣ ಎರಡು ಭಾಗವಾಗಿರುತ್ತದೆ: ಉಪಕರಣ ಮೊದಲಾದ ಬಂಡವಾಳ ಆಸ್ತಿಗೆ ಒಂದು, ಸಂಶೋಧನಾ ಸಹಾಯಕರ ವೇತನ, ರಾಸಾಯನಿಕ, ಪ್ರಯಾಣ, ಓವರ್‌ಹೆಡ್ (ಸಂಸ್ಥೆಯ ಆಡಳಿತ ವೆಚ್ಚ) ಇವುಗಳಿಗೆ ಸಾಮಾನ್ಯ ಅನುದಾನವೆಂದು ಇನ್ನೊಂದು. ಸರ್ಕಾರದ ಲೆಕ್ಕದಲ್ಲಿ ಇವು ಬೇರೆ ಬೇರೆ ಶೀರ್ಷಿಕೆಗಳು, 35 ಮತ್ತು 31. ಒಂದರ ಹಣ ಇನ್ನೊಂದಕ್ಕೆ ನಮ್ಮ ಇಷ್ಟದಂತೆ ಹರಿಯಲಾರದು. ಪ್ರಾಂಶುಪಾಲರ ಅನುಮತಿಯೂ ಸಾಲದು, ಅನುದಾನ ಕೊಟ್ಟ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು.

ಒಂದು ಲೆಕ್ಕ ನೋಡೋಣ. 3 ವರ್ಷಕ್ಕೆ 30 ಲಕ್ಷದ ಯೋಜನೆ. ಮೊದಲ ಕಂತು 14 ಲಕ್ಷ ಜನವರಿಯಲ್ಲಿ ಬಂತು ಎಂದುಕೊಳ್ಳಿ, ಉಪಕರಣಕ್ಕೆ 9 ಲಕ್ಷ, ಸಾಮಾನ್ಯಕ್ಕೆ 5 ಲಕ್ಷ. ಉಪಕರಣದ ಬೆಲೆ ತೆರಿಗೆಗೆ ಮುಂಚೆ 8,50,000. ಸರ್ಕಾರಿ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಗಳಿಗೆ ವೈಜ್ಞಾನಿಕ ಉಪಕರಣದ ಮೇಲೆ ಹಿಂದೆ 5% ಜಿಎಸ್‌ಟಿ ಇತ್ತು. ಆ ಲೆಕ್ಕದಲ್ಲಿ ಒಟ್ಟು 8,92,500, 9 ಲಕ್ಷದೊಳಗೆ ಮುಗಿಯುತ್ತಿತ್ತು. ಆ ರಿಯಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. ಈಗ 18% ಸೇರಿಸಿದರೆ 10,03,000. ಅಂದರೆ 1,03,000 ಕೊರತೆ. ಹಳೆಯ ಪ್ರಸ್ತಾವನೆಯ ಅಂದಾಜನ್ನೇ ನಕಲು ಮಾಡಿ ಹೊಸ ಅರ್ಜಿ ಹಾಕುವವರು ಇವತ್ತಿಗೂ ಇಲ್ಲೇ ಸಿಕ್ಕಿಬೀಳುತ್ತಾರೆ. ಕೊರತೆಯನ್ನು ಸಾಮಾನ್ಯ ಶೀರ್ಷಿಕೆಯಿಂದ ತುಂಬಿ, ಬಿಲ್ ಪಾವತಿಸಿ, ಮುಂದೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಯುಸಿಯಲ್ಲಿ ಉಪಕರಣದ ಎದುರು 10,03,000 ಎಂದು ಕಂಡ ಕೂಡಲೇ ಅದು ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತದೆ, ಎರಡನೇ ಕಂತು ಅಲ್ಲಿಗೇ ನಿಲ್ಲುತ್ತದೆ. ಸರಿಯಾದ ದಾರಿ ಮೂರೇ: ಖರೀದಿ ಆದೇಶಕ್ಕೆ ಮುಂಚೆಯೇ ಶೀರ್ಷಿಕೆ ಬದಲಾವಣೆಗೆ ಲಿಖಿತ ಒಪ್ಪಿಗೆ ಪಡೆಯುವುದು, ಹೆಚ್ಚುವರಿ 1,03,000ವನ್ನು ಕಾಲೇಜಿನ ಸ್ವಂತ ನಿಧಿಯಿಂದ ಭರಿಸಿ ಯುಸಿಯಲ್ಲಿ 9 ಲಕ್ಷವನ್ನಷ್ಟೇ ತೋರಿಸುವುದು, ಇಲ್ಲವೇ ಯೋಜನೆಗೆ ಅಡ್ಡಿಯಾಗದಂತೆ ಬಿಡಿಭಾಗಗಳನ್ನು ಕಡಿಮೆ ಮಾಡಿ ಬೆಲೆ ಇಳಿಸುವುದು.

ಅದೇ ಯೋಜನೆಯ ಮಾರ್ಚ್ 31ರ ಲೆಕ್ಕಕ್ಕೆ ಬನ್ನಿ. ಖರೀದಿ ಆದೇಶ ಮಾರ್ಚ್ 20ಕ್ಕೆ ಹೋಗಿದೆ, ಉಪಕರಣ ಮೇ ತಿಂಗಳಲ್ಲಿ ಬರಲಿದೆ. ಸಾಮಾನ್ಯ ಶೀರ್ಷಿಕೆಯಲ್ಲಿ 1,60,000 ಖರ್ಚಾಗಿದೆ. ಯುಸಿಯಲ್ಲಿ ಖರ್ಚೆಂದು ಬರೆಯಬೇಕಾದದ್ದು 1,60,000 ಮಾತ್ರ. ಅಂತಿಮ ಶಿಲ್ಕು 12,40,000: ಬಂಡವಾಳ 9,00,000, ಸಾಮಾನ್ಯ 3,40,000. ಆದೇಶ ಕೊಟ್ಟಾಗಿದೆಯಲ್ಲ ಎಂದು 9 ಲಕ್ಷವನ್ನೂ ಖರ್ಚಿಗೆ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮೇ ತಿಂಗಳಲ್ಲಿ ನಿಜವಾಗಿ ಪಾವತಿಯಾದಾಗ ಅದು ಮುಂದಿನ ವರ್ಷದ ನಗದು ಪುಸ್ತಕಕ್ಕೆ ಬರುತ್ತದೆ, ಒಂದೇ ಖರ್ಚು ಎರಡು ವರ್ಷ ಕಾಣುತ್ತದೆ ಅಥವಾ ಬ್ಯಾಂಕ್ ಲೆಕ್ಕಕ್ಕೂ ಯುಸಿಗೂ ತಾಳೆಯಾಗುವುದಿಲ್ಲ. ಆದೇಶ ಕೊಟ್ಟೂ ಪಾವತಿಯಾಗದ ಮೊತ್ತವನ್ನು ಬದ್ಧ ವೆಚ್ಚವೆಂದು ಬೇರೆ ಸಾಲಿನಲ್ಲಿ ತಿಳಿಸಿ, ಖರೀದಿ ಆದೇಶದ ಪ್ರತಿ ಲಗತ್ತಿಸಿ. ಮಾರ್ಚ್ ಕೊನೆಯಲ್ಲಿ ಖರ್ಚು ತೋರಿಸಲೆಂದೇ ಮಾರಾಟಗಾರರಿಗೆ ಪೂರ್ತಿ ಮುಂಗಡ ಕೊಡುವುದು ಇದಕ್ಕಿಂತ ದೊಡ್ಡ ತಪ್ಪು. ಜಿಎಫ್‌ಆರ್ 172ರ ಪ್ರಕಾರ ಖಾಸಗಿ ಸಂಸ್ಥೆಗೆ ಮುಂಗಡ ಸಾಮಾನ್ಯವಾಗಿ 30% ಮೀರಬಾರದು, ಅದಕ್ಕೂ ಬ್ಯಾಂಕ್ ಗ್ಯಾರಂಟಿ ಪಡೆದಿರಬೇಕು.

ಈ ವರ್ಷದ ಅಂತಿಮ ಶಿಲ್ಕೇ ಮುಂದಿನ ವರ್ಷದ ಆರಂಭಿಕ ಶಿಲ್ಕು. ಶೀರ್ಷಿಕೆವಾರು, ರೂಪಾಯಿ ರೂಪಾಯಿಗೆ ತಾಳೆಯಾಗಬೇಕು. ಕಳಿಸುವ ಮುನ್ನ ಕಳೆದ ವರ್ಷದ ಯುಸಿಯನ್ನು ಪಕ್ಕದಲ್ಲಿಟ್ಟು ನೋಡಲು ಹತ್ತು ನಿಮಿಷ ಸಾಕು. ಅದಾದ ಮೇಲೆ ಸಹಿ. ಸಂಶೋಧಕರೊಬ್ಬರೇ ಸಹಿ ಹಾಕಿ ಕಳಿಸಿದ ಯುಸಿಗೆ ಬೆಲೆಯಿಲ್ಲ. ಹಣಕಾಸು ವಿಭಾಗದ ಮುಖ್ಯಸ್ಥರೂ ಸಂಸ್ಥೆಯ ಮುಖ್ಯಸ್ಥರೂ ಸಹಿ ಮಾಡಿರಬೇಕು. ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕಗಳನ್ನು ಆದೇಶದಲ್ಲಿ ಇದ್ದಂತೆಯೇ ಬರೆಯಬೇಕು. ಬಿಡುಗಡೆ ಆದೇಶದ ಸಂಖ್ಯೆ ಬೇರೆ, ಮೂಲ ಮಂಜೂರಾತಿಯ ಸಂಖ್ಯೆ ಬೇರೆ. ಎರಡನ್ನೂ ಅದಲುಬದಲು ಮಾಡಿದ್ದಕ್ಕೇ ಹಿಂದಿರುಗಿದ ಯುಸಿಗಳಿಗೆ ಲೆಕ್ಕವಿಲ್ಲ.

ನಿಯಮ ಯುಸಿಗೆ ಕೊಟ್ಟಿರುವ ಗಡುವು ಹಣಕಾಸು ವರ್ಷ ಮುಗಿದ 12 ತಿಂಗಳು. ಈ ಗಡುವನ್ನು ನಂಬಿ ಕೂರಬೇಡಿ. ನೀವು ಯುಸಿ ಕೊಡುವವರೆಗೆ ನಿಮ್ಮ ಮುಂದಿನ ಕಂತಿನ ಫೈಲ್ ಅಲುಗದು. ಲೆಕ್ಕಪರಿಶೋಧನೆ ಮುಗಿಯದಿದ್ದರೂ ಏಪ್ರಿಲ್‌ನಲ್ಲೇ ತಾತ್ಕಾಲಿಕ ಯುಸಿ, ವೆಚ್ಚಪಟ್ಟಿ, ಪ್ರಗತಿ ವರದಿ ಮೂರನ್ನೂ ಒಟ್ಟಿಗೆ ಕಳಿಸಿ, ಪರಿಶೋಧಿತ ಪ್ರತಿಯನ್ನು ಆಮೇಲೆ ಕೊಡಿ.

ಬಡ್ಡಿಯ ವಿಷಯಕ್ಕೆ ಬಂದರೆ, ಅನುದಾನದ ಮೇಲೆ ಬಂದ ಉಳಿತಾಯ ಖಾತೆಯ ಬಡ್ಡಿ ಸಂಸ್ಥೆಯದ್ದಲ್ಲ, ಯೋಜನೆಯದ್ದೂ ಅಲ್ಲ. ಲೆಕ್ಕ ಅಂತಿಮಗೊಂಡ ಕೂಡಲೇ ಅದನ್ನು ಭಾರತದ ಸಂಚಿತ ನಿಧಿಗೆ ಕಟ್ಟಲೇಬೇಕು ಎನ್ನುತ್ತದೆ 230ನೇ ನಿಯಮ. ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಜಾಲತಾಣದಲ್ಲಿ ಕಟ್ಟಿ, ರಸೀದಿಯನ್ನು ಯುಸಿಗೆ ಲಗತ್ತಿಸಬೇಕು. ಬಡ್ಡಿಯಿಂದ ರಾಸಾಯನಿಕ ಕೊಂಡರೆ, ಅದು ಯೋಜನೆಗೇ ಬಳಕೆಯಾಗಿದ್ದರೂ, ಆಕ್ಷೇಪಣೆ ಬರುತ್ತದೆ. ಎಲ್ಲ ಯೋಜನೆಗಳ ಹಣವನ್ನೂ ಕಾಲೇಜಿನ ಒಂದೇ ಖಾತೆಯಲ್ಲಿಟ್ಟರೆ ಯಾವ ಯೋಜನೆಯ ಬಡ್ಡಿ ಎಷ್ಟೆಂದು ಬಿಡಿಸಲಾಗದು. ಯೋಜನೆಗೊಂದು ಪ್ರತ್ಯೇಕ ಖಾತೆ, ಪ್ರತ್ಯೇಕ ನಗದು ಪುಸ್ತಕ ಇರಲಿ.

ಖರೀದಿಯಲ್ಲಿ 2025ರ ಜೂನ್‌ನಿಂದ ಒಳ್ಳೆಯ ಬದಲಾವಣೆ ಆಗಿದೆ. ಕೇಂದ್ರದ ವೈಜ್ಞಾನಿಕ ಇಲಾಖೆಗಳು ಮತ್ತು ಅವುಗಳ ಸಂಶೋಧನಾ, ಶಿಕ್ಷಣ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ನೇರ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿದೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ. ಸಂಶೋಧನೆಗೆ ಬೇಕಾದ ವಿಶೇಷ ಉಪಕರಣ, ಸಾಮಗ್ರಿಗಳನ್ನು ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನ ಹೊರಗೆ ಕೊಳ್ಳುವ ಅಧಿಕಾರವೂ ಸಂಸ್ಥೆಯ ಮುಖ್ಯಸ್ಥರಿಗೆ ಬಂದಿದೆ. ಮೂರು ತಿಂಗಳಲ್ಲಿ ಹಾಳಾಗುವ ಕಿಣ್ವಕ್ಕೂ ಟೆಂಡರ್ ಕಾಯುತ್ತಿದ್ದ ಪ್ರಯೋಗಾಲಯಗಳಿಗೆ ಇದು ದೊಡ್ಡ ನೆಮ್ಮದಿ. ಆದರೆ ಈ ಸಡಿಲಿಕೆ ಎಲ್ಲರಿಗೂ ಎಂದು ತಿಳಿಯಬಾರದು. ರಾಜ್ಯ ವಿಶ್ವವಿದ್ಯಾಲಯ ಅಥವಾ ಖಾಸಗಿ ಕಾಲೇಜಿನವರು ತಮ್ಮ ಮಂಜೂರಾತಿ ಆದೇಶ ಏನು ಹೇಳುತ್ತದೆ ಎಂದು ಕೇಳಿ ಲಿಖಿತವಾಗಿ ತಿಳಿದುಕೊಳ್ಳಬೇಕು. ರಾಜ್ಯದ ಹಣದಲ್ಲಿ ಸರ್ಕಾರಿ ಕಾಲೇಜು ಕೊಳ್ಳುವುದಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯೇ ಅನ್ವಯ. ಮಿತಿ ಎಷ್ಟೇ ಇರಲಿ, ಒಂದೇ ಅಗತ್ಯವನ್ನು ತುಂಡು ಮಾಡಿ ಎರಡು ಮೂರು ಬಿಲ್ಲಿನಲ್ಲಿ ಕೊಳ್ಳುವಂತಿಲ್ಲ. ನೇರ ಖರೀದಿಯಲ್ಲೂ ಸರಕಿನ ಗುಣಮಟ್ಟ, ಬೆಲೆಯ ಬಗ್ಗೆ ತೃಪ್ತನಾಗಿದ್ದೇನೆ, ವಿಶ್ವಾಸಾರ್ಹ ಮಾರಾಟಗಾರರಿಂದ ಕೊಂಡಿದ್ದೇನೆ ಎಂಬ 154ನೇ ನಿಯಮದ ದೃಢೀಕರಣ ಬಿಲ್ಲಿನ ಮೇಲೆ ಇರಬೇಕು. ಇದನ್ನು ಮರೆಯುವವರೇ ಬಹಳ. ಸಮಿತಿಯ ಮೂಲಕ ಕೊಂಡರೆ ಮೂವರು ಸದಸ್ಯರ ಸಹಿ, ದರ ಹೋಲಿಕೆ ಪಟ್ಟಿ ಎರಡೂ ಬೇಕು.

ಕೊಂಡ ಉಪಕರಣ ಸ್ಥಿರಾಸ್ತಿ ವಹಿಯಲ್ಲಿ, ಅಂದರೆ ನಮೂನೆ 22ರಲ್ಲಿ ದಾಖಲಾಗಬೇಕು, ಅದರ ಮೇಲೆ ಯೋಜನೆಯ ಸಂಖ್ಯೆ ಬರೆದಿರಬೇಕು. ಅನುದಾನದ ಹಣದಿಂದ ಕೊಂಡದ್ದನ್ನು ಅನುಮತಿಯಿಲ್ಲದೆ ಮಾರುವುದು, ವಿಲೇವಾರಿ ಮಾಡುವುದು ನಿಷಿದ್ಧ. ಯೋಜನೆ ಮುಗಿದಾಗ ಉಪಕರಣವನ್ನು ಸಂಸ್ಥೆಯಲ್ಲೇ ಉಳಿಸಿಕೊಳ್ಳಲು ಪತ್ರ ಬರೆದು ಒಪ್ಪಿಗೆ ಪಡೆಯಿರಿ.

ಸ್ಟಾರ್ಟಪ್‌ಗಳ ಕಷ್ಟ ಬೇರೆ ರೀತಿಯದು. ಅನುದಾನ ಉಚಿತ ಹಣ, ಅದಕ್ಕೆ ತೆರಿಗೆ ಇಲ್ಲ ಎಂದು ನಂಬಿದ ಸ್ಥಾಪಕರಿಗೆ ಮೊದಲ ರಿಟರ್ನ್‌ನಲ್ಲೇ ಏಟು ಬೀಳುತ್ತದೆ. 2015ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಸರ್ಕಾರದ ಸಹಾಯಧನ, ಅನುದಾನಗಳು ಆದಾಯದ ವ್ಯಾಖ್ಯೆಯೊಳಗೆ ಬಂದಿವೆ. ಅನುದಾನದಿಂದ ಯಂತ್ರ ಕೊಂಡಿದ್ದರೆ ಆ ಮೊತ್ತವನ್ನು ಯಂತ್ರದ ಬೆಲೆಯಿಂದ ಕಳೆಯಬೇಕು. ಆಗ ಅದು ಆದಾಯವಾಗದು, ಆದರೆ ಅದರ ಮೇಲೆ ಸವಕಳಿಯೂ ಸಿಗದು. ವೇತನ, ಪರೀಕ್ಷೆ, ಸಾಮಗ್ರಿಗೆಂದು ಬಂದದ್ದು ಆದಾಯ. ಅದಕ್ಕೆ ಎದುರಾಗಿ ಖರ್ಚು ತೋರಿಸಬಹುದು, ನಿಜ. ಆದರೆ ಅನುದಾನದ ಲೆಕ್ಕ ಹಿಡಿಯುವುದನ್ನು ಹಣ ಕೈಸೇರಿದ ದಿನದಿಂದಾಚೆಗೆ ಮುಂದೂಡುವಂತಿಲ್ಲ ಎನ್ನುತ್ತದೆ ಆದಾಯ ಲೆಕ್ಕಾಚಾರದ 7ನೇ ಮಾನದಂಡ. ಮಾರ್ಚ್‌ನಲ್ಲಿ 20 ಲಕ್ಷ ಬಂದು ಖರ್ಚೆಲ್ಲ ಮುಂದಿನ ವರ್ಷ ಆಗುವ ಕಂಪನಿ ಈ ಕಾರಣಕ್ಕೆ ತೆರಿಗೆಯ ಸುಳಿಗೆ ಬೀಳುತ್ತದೆ. ಕಂತಿನ ದಿನಾಂಕ ನಿಗದಿಯಾಗುವಾಗಲೇ ನಿಮ್ಮ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಮಾತಾಡಿ.

ಜಿಎಸ್‌ಟಿಯಲ್ಲಿ ಇನ್ನೊಂದು ಎಡವಟ್ಟು. 2 ಲಕ್ಷದ ಸಾಮಗ್ರಿಗೆ 36,000 ತೆರಿಗೆ ಕೊಟ್ಟು, ಆ 36,000ಕ್ಕೆ ಇನ್‌ಪುಟ್ ಕ್ರೆಡಿಟ್ ಪಡೆದ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಂಡ ಕಂಪನಿ ಅನುದಾನದ ಲೆಕ್ಕದಲ್ಲಿ 2,36,000 ತೋರಿಸಿದರೆ ಒಂದೇ ಹಣವನ್ನು ಎರಡು ಕಡೆ ಪಡೆದಂತಾಯಿತು. ತೋರಿಸಬೇಕಾದದ್ದು 2 ಲಕ್ಷ. ಇನ್ನು, 2024ರ ಅಕ್ಟೋಬರ್ 10ರಿಂದ ಅನುದಾನದ ಹಣದಲ್ಲಿ ನಡೆಸುವ ಸಂಶೋಧನಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದು ಸರ್ಕಾರಿ ಘಟಕಗಳಿಗೆ ಮತ್ತು 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಸೆಕ್ಷನ್‌ನಡಿ ಅಧಿಸೂಚಿತವಾದ ಸಂಶೋಧನಾ ಸಂಘ, ವಿಶ್ವವಿದ್ಯಾಲಯ, ಕಾಲೇಜುಗಳಿಗೆ. ಖಾಸಗಿ ಕಂಪನಿ ಅದನ್ನು ನೆಚ್ಚಿಕೊಳ್ಳಬಾರದು.

ಯಾವ ಅನುದಾನ ಮೊದಲು, ಯಾವುದು ಆಮೇಲೆ ಎಂಬುದೂ ಮುಖ್ಯ. ಸ್ಟಾರ್ಟಪ್ ಇಂಡಿಯಾ ಬೀಜ ನಿಧಿಯ 2021ರ ಮಾರ್ಗಸೂಚಿ ಪರಿಕಲ್ಪನೆಯ ಪುರಾವೆಗೆ 20 ಲಕ್ಷದವರೆಗೆ ಅನುದಾನ ಕೊಡುತ್ತದೆ. ಕಂಪನಿ ನೋಂದಣಿಯಾಗಿ 2 ವರ್ಷ ಮೀರಿರಬಾರದು, ಕೇಂದ್ರ ಅಥವಾ ರಾಜ್ಯದ ಬೇರೆ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಸ್ಪರ್ಧೆಯ ಬಹುಮಾನ, ರಿಯಾಯಿತಿ ದರದ ಜಾಗ, ಸ್ಥಾಪಕರ ಮಾಸಿಕ ಭತ್ಯೆ ಈ 10 ಲಕ್ಷಕ್ಕೆ ಸೇರುವುದಿಲ್ಲ. ಎಲಿವೇಟ್‌ನ 25 ಲಕ್ಷವನ್ನು ಮೊದಲು ಪಡೆದವರಿಗೆ ಈ ಬಾಗಿಲು ಮುಚ್ಚಿತೆಂದೇ ಅರ್ಥ. ಎರಡನ್ನೂ ಬಯಸುವವರು ಕ್ರಮವನ್ನು ಮೊದಲೇ ಯೋಚಿಸಬೇಕು. ಒಂದೇ ಬಿಲ್ಲನ್ನು ಎರಡು ಅನುದಾನಕ್ಕೆ ತೋರಿಸುವುದಂತೂ ಎಂದಿಗೂ ಕೂಡದು. ಬಿಲ್ಲಿನ ಮೇಲೆ 'ಇಂಥ ಯೋಜನೆಗೆ ವೆಚ್ಚ' ಎಂಬ ಮೊಹರು ಒತ್ತುವ ಅಭ್ಯಾಸ ಇದ್ದರೆ ಈ ತಪ್ಪು ಆಗುವುದೇ ಇಲ್ಲ.

ಇಷ್ಟೆಲ್ಲ ನಾವು ಸರಿಪಡಿಸಿಕೊಳ್ಳಬಹುದಾದದ್ದು. ನಾವು ಎಷ್ಟೇ ಎಚ್ಚರ ವಹಿಸಿದರೂ ಬಗೆಹರಿಯದ್ದು ಹಣ ಬಿಡುಗಡೆಯ ಕಾಲ. 2022ರ ಏಪ್ರಿಲ್‌ನಿಂದ ಕೇಂದ್ರದ ಯೋಜನೆಗಳ ಹಣ ಹರಿಯುವ ರೀತಿ ಬದಲಾಗಿದೆ. ವಾರ್ಷಿಕ 500 ಕೋಟಿ ಮೀರಿದ ಯೋಜನೆಗಳಲ್ಲಿ ಹಣ ರಿಸರ್ವ್ ಬ್ಯಾಂಕಿನಲ್ಲೇ ಇರುತ್ತದೆ, ಸಂಸ್ಥೆಗೆ ಸಿಗುವುದು ಖರ್ಚಿನ ಮಿತಿ ಮಾತ್ರ. ಬ್ಯಾಂಕುಗಳಲ್ಲಿ ಸರ್ಕಾರದ ಹಣ ಸುಮ್ಮನೆ ಕೊಳೆಯಬಾರದೆಂಬ ಉದ್ದೇಶ ಸರಿಯಾದದ್ದೇ. ಆದರೆ ಬಳಸದ ಮಿತಿ ಮಾರ್ಚ್ 31ಕ್ಕೆ ಇಲ್ಲವಾಗುತ್ತದೆ. ಮೇಲಿನ ಉದಾಹರಣೆಯ 9 ಲಕ್ಷ ಈ ಪದ್ಧತಿಯಲ್ಲಿ ಬಂದಿದ್ದರೆ, ಮೇ ತಿಂಗಳಲ್ಲಿ ಉಪಕರಣ ಬಂದಾಗ ಪಾವತಿಸಲು ಮಿತಿಯೇ ಇರುವುದಿಲ್ಲ. ಹೊಸ ವರ್ಷದ ಮಿತಿ ಬರುವವರೆಗೆ ಮಾರಾಟಗಾರನೂ ಕಾಯಬೇಕು, ಸಂಶೋಧನಾ ಸಹಾಯಕನೂ ಸಂಬಳವಿಲ್ಲದೆ ಕಾಯಬೇಕು. ತಿಂಗಳಿಗೆ 37,000 ಶಿಷ್ಯವೇತನದಲ್ಲಿ ಬಾಡಿಗೆ ಕಟ್ಟಿ, ಊರಿಗೂ ಕಳಿಸುವ ಹುಡುಗ ಹುಡುಗಿಯರಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಆ ತಿಂಗಳುಗಳು ಎಷ್ಟು ಕಠಿಣವೆಂದು ಇಲಾಖೆಗಳು ಯೋಚಿಸಬೇಕು. ಅವರ ವೇತನದ ಮಿತಿಯನ್ನು ಏಪ್ರಿಲ್ ಮೊದಲ ವಾರದಲ್ಲೇ, ಯುಸಿಗೆ ಕಾಯದೆ, ಬಿಡುಗಡೆ ಮಾಡಬೇಕು. ಉಪಕರಣದ ಹಣವನ್ನು ಜನವರಿಯ ಬದಲು ಜುಲೈ, ಆಗಸ್ಟ್‌ನಲ್ಲಿ ಕೊಟ್ಟರೆ ಖರೀದಿ ಆ ವರ್ಷದಲ್ಲೇ ಮುಗಿಯುತ್ತದೆ.

ತೆರಿಗೆ ಅಥವಾ ಶಿಷ್ಯವೇತನದ ದರವನ್ನು ಸರ್ಕಾರವೇ ಬದಲಿಸಿದಾಗ ಚಾಲ್ತಿಯಲ್ಲಿರುವ ಯೋಜನೆಗಳ ಮಂಜೂರಾತಿಯನ್ನೂ ಅದರ ಜೊತೆಯಲ್ಲೇ ಪರಿಷ್ಕರಿಸಬೇಕು. 2023ರ ಜನವರಿ 1ರಿಂದ ಕಿರಿಯ ಸಂಶೋಧಕರ ಶಿಷ್ಯವೇತನ (ಜೆಆರ್‌ಎಫ್) ತಿಂಗಳಿಗೆ 31,000ದಿಂದ 37,000ಕ್ಕೆ ಏರಿತು. ಹಳೆಯ ದರದಲ್ಲಿ ಮಂಜೂರಾದ ಯೋಜನೆಗೆ ಅದು ಒಬ್ಬರಿಗೆ ವರ್ಷಕ್ಕೆ 72,000 ಹೆಚ್ಚುವರಿ ಹೊರೆ, ಮನೆ ಬಾಡಿಗೆ ಭತ್ಯೆ ಬೇರೆ. ಅದನ್ನು ಎಲ್ಲಿಂದ ತರಬೇಕೆಂದು ಪ್ರತಿ ಸಂಶೋಧಕರೂ ಪ್ರತ್ಯೇಕ ಪತ್ರ ಬರೆಯುವ ಪಾಡು ಬರಬಾರದು. ಹಾಗೆಯೇ ಕಳಿಸಿದ ಯುಸಿಗೆ 30 ದಿನದೊಳಗೆ ಒಪ್ಪಿಗೆ ಅಥವಾ ಕಾರಣ ಸಹಿತ ಆಕ್ಷೇಪಣೆ ಆನ್‌ಲೈನ್‌ನಲ್ಲಿ ಕಾಣುವಂತಾಗಲಿ.

ರಾಜ್ಯ ಸರ್ಕಾರ ಮಾಡಬೇಕಾದ ಕೆಲಸ ಹೆಚ್ಚು ಖರ್ಚಿನದ್ದಲ್ಲ. ಎಲಿವೇಟ್, ವಿಜಿಎಸ್‌ಟಿ ನೆರವುಗಳ ಮಾರ್ಗಸೂಚಿ, ಯುಸಿ ನಮೂನೆ ಮತ್ತು ತುಂಬಿ ತೋರಿಸಿದ ಒಂದು ಮಾದರಿ, ಮೂರನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಲೆಕ್ಕ ಬರೆಯುವವರು ದ್ವಿತೀಯ ದರ್ಜೆ ಸಹಾಯಕರು. ಶುಲ್ಕ, ವೇತನ, ವಿದ್ಯಾರ್ಥಿವೇತನಗಳ ನಡುವೆ ಅವರಿಗೆ ಇದೊಂದು ಹೆಚ್ಚುವರಿ ಹೊರೆ, ತರಬೇತಿಯೂ ಸಿಕ್ಕಿಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲಿ ಯೋಜನಾ ಲೆಕ್ಕಕ್ಕೆಂದೇ ಒಬ್ಬರನ್ನು ನೇಮಿಸಿ, ಅಧೀನ ಕಾಲೇಜುಗಳಿಗೂ ಅವರು ನೆರವಾಗುವಂತೆ ಮಾಡಬಹುದು. ಯೋಜನೆಗಳ ಜೊತೆ ಬರುವ ಓವರ್‌ಹೆಡ್ ಹಣದ ಒಂದು ಭಾಗವನ್ನು ಈ ಕೆಲಸಕ್ಕೆ ಮೀಸಲಿಡಲು ವಿಶ್ವವಿದ್ಯಾಲಯಗಳು ಸಿಂಡಿಕೇಟ್‌ನಲ್ಲಿ ನಿರ್ಣಯ ಮಾಡಿದರೆ ಸಾಕು, ಬೇರೆ ಅನುದಾನಕ್ಕೆ ಕಾಯಬೇಕಾಗಿಲ್ಲ.

ಇತಿ,
ಒಬ್ಬ ಲೆಕ್ಕಪರಿಶೋಧಕ,
ದಾವಣಗೆರೆ